ಅಳಿವೆಯ ದಂಡೆಗೆ ಹೋದ ಅತ್ತಿಗೆ

ನಾನು ಮದುವೆಯಾಗಿ ಜಾವಳಿ ಹತ್ತಿರದ ಈ ಮನೆಗೆ ಬಂದಾಗ ಅಡುಗೆಮನೆಯ ಡಬ್ಬಗಳನ್ನು ಒಂದೊಂದಾಗಿ ತೆರೆದು ತೋರಿಸಿದವರು ಅತ್ತೆಯಲ್ಲ, ಅತ್ತಿಗೆ. ನಮ್ಮ ಯಜಮಾನರ ಅಕ್ಕ. ಮನೆಯ ಬೀಗದ ಕೈ ಅವರ ಸೊಂಟದಲ್ಲಿತ್ತು. ಅತ್ತೆ ಜಗಲಿಯ ಮೇಲೆ ಕೂತು ಮೆಣಸು ಆರಿಸುತ್ತಾ, ಬಂದವರ ಹತ್ತಿರ ಮಾತಾಡುತ್ತಾ ಇರುತ್ತಿದ್ದರು. ಮಿಕ್ಕಿದ್ದೆಲ್ಲ ಅತ್ತಿಗೆಯದು.

ಮಾವ ತೀರಿಕೊಂಡಾಗ ಯಜಮಾನರು ಇನ್ನೂ ಚಿಕ್ಕಮಗಳೂರಿನ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದರಂತೆ. ಅತ್ತಿಗೆಗೆ ಆಗ ಗಂಡು ಗೊತ್ತಾಗಿತ್ತು. ಒಂದು ವರ್ಷ ತಡೆಯಿರಿ ಎಂದು ಈ ಕಡೆಯಿಂದ ಕೇಳಿಕೊಂಡರು, ಆ ಕಡೆಯವರು ತಡೆಯಲಿಲ್ಲ. ಅತ್ತಿಗೆ ಸೆರಗು ಬಿಗಿದು ತೋಟಕ್ಕೆ ಇಳಿದರು. ಬೆಳಿಗ್ಗೆ ಮೇಸ್ತ್ರಿಯ ಜೊತೆ ಕೆಲಸ ಹಂಚುವುದು, ಸಂಜೆ ಹಣ್ಣು ತೂಗಿಸುವುದು, ಸಿಪ್ಪೆ ಸುಲಿದು ತೊಳೆದ ಕಾಫಿಬೀಜ, ಅಂದರೆ ಪಾರ್ಚ್‌ಮೆಂಟ್, ಕಣದಲ್ಲಿ ಒಣಗುವಾಗ ಮೋಡ ಕಂಡರೆ ಎಲ್ಲರಿಗಿಂತ ಮೊದಲು ಟಾರ್ಪಾಲು ಹಿಡಿದು ಓಡುವುದು, ಎಲ್ಲ ಅವರೇ. ತಮ್ಮ ಓದು ಮುಗಿಸಿ ಬಂದು ತೋಟ ವಹಿಸಿಕೊಂಡ ಮೇಲೆ ಅವರು ಒಳಗೆ ಬಂದರು. ಅಷ್ಟರಲ್ಲಿ ಅವರಿಗೆ ಸಂಬಂಧ ತರುವವರು ತರುವುದನ್ನು ನಿಲ್ಲಿಸಿದ್ದರು. ನಾನು ಬರುವ ಹೊತ್ತಿಗೆ ಅವರಿಗೆ ನಲವತ್ತರ ಹತ್ತಿರ. ತಲೆಯಲ್ಲಿ ಒಂದೆರಡು ಬಿಳಿ ಕೂದಲು. ನಗುವಾಗ ಮಾತ್ರ ಹದಿನೆಂಟರ ಹುಡುಗಿಯಂತೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಆ ವರ್ಷದ ಆಷಾಢದ ಗಾಳಿಗೆ ನಮ್ಮ ಕಣದ ಕೆಳಗಿದ್ದ ದೊಡ್ಡ ಹೆಬ್ಬಲಸಿನ ಮರ ಬುಡಸಮೇತ ಉರುಳಿತು. ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿದ್ದ ಮರ. ಅಡಿಯಲ್ಲಿ ಸಿಕ್ಕ ಗಿಡಗಳೆಲ್ಲ ಜಜ್ಜಿ ಹೋದವು. ಯಜಮಾನರು ಎರಡು ದಿನ ಅದರ ಸುತ್ತ ಸುಮ್ಮನೆ ತಿರುಗಿದರು. ಬಣಕಲ್ಲಿನಲ್ಲಿ ಯಾರಿಗೋ ಹೇಳಿದ ಮಾತು ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನವರ ಬಾಯಿಂದ ಕರಾವಳಿಗೆ ಮುಟ್ಟಿತು. ಮಳೆ ಸ್ವಲ್ಪ ಹೊಳವಾದಾಗ ಒಬ್ಬರು ಮರ ನೋಡಲು ಬಂದರು.

ಅವರದು ಸಮುದ್ರದ ಹತ್ತಿರದ ಊರು. ಹೊಳೆ ಸಮುದ್ರ ಸೇರುವ ಬಾಯಿಗೆ ಅವರ ಕಡೆ ಅಳಿವೆ ಅನ್ನುತ್ತಾರೆ. ಆ ಅಳಿವೆಗೆ ಸ್ವಲ್ಪ ಒಳಗೆ, ಹೊಳೆಯ ದಂಡೆಯಲ್ಲಿ ಅವರದೊಂದು ದೋಣಿ ಕಟ್ಟುವ ಜಾಗವಿತ್ತು. ಮೀನಿಗೆ ಹೋಗುವವರು ತಮ್ಮ ದೋಣಿಗಳನ್ನು ತಂದು ಅವರ ಗೂಟಗಳಿಗೆ ಕಟ್ಟುತ್ತಿದ್ದರು. ಒಡೆದದ್ದನ್ನು ಅವರು ರಿಪೇರಿ ಮಾಡಿಕೊಡುತ್ತಿದ್ದರು. ಹೊಳೆಯಾಚೆ, ಹೊಳೆಗೂ ಸಮುದ್ರಕ್ಕೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿಯ ಮೇಲೆ ಒಂದಷ್ಟು ಮನೆಗಳು. ಅಲ್ಲಿಗೆ ಜನರನ್ನು ದಾಟಿಸುವುದೂ ಅವರೇ. ದಾಟಿಸುವ ದೋಣಿ ಹಳತಾಗಿತ್ತು. ಹೊಸದಕ್ಕೆ ಹೆಬ್ಬಲಸಿನ ಹಲಗೆಯೇ ಆಗಬೇಕು, ಉಪ್ಪುನೀರಿಗೆ ಅದೇ ತಡೆಯುವುದು ಎಂದು ಹುಡುಕಿಕೊಂಡು ಬಂದಿದ್ದರು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದನ್ನೆಲ್ಲ ಅವರು ತಾವಾಗಿ ಹೇಳಿದ್ದಲ್ಲ. ಜಗಲಿಯಲ್ಲಿ ಕೂತ ಅತ್ತೆ ಕೇಳಿ ತಿಳಿದುಕೊಂಡಿದ್ದು.

ಮರ ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಸಿಗುವ ಹೊತ್ತಿಗೆ ದಸರಾ ಕಳೆದಿತ್ತು. ಅವರು ಗರಗಸದವರನ್ನು ಕರೆದುಕೊಂಡು ಬಂದು, ಹಲಗೆ ಕೊಯ್ದು ಮುಗಿಯುವವರೆಗೆ ನಮ್ಮ ಗೋದಾಮಿನ ಪಕ್ಕದ ಕೋಣೆಯಲ್ಲಿ ಉಳಿದರು. ಕೊಯ್ಯುವ ಜಾಗಕ್ಕೆ ಬೆಳಿಗ್ಗೆ ಸಂಜೆ ಕಾಫಿ ತೆಗೆದುಕೊಂಡು ಹೋಗುವ ಕೆಲಸ ಮೊದಲು ನನ್ನದಾಗಿತ್ತು. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಅದು ಹೇಗೋ ಅತ್ತಿಗೆಯದಾಯಿತು. ನನಗೆ ಬೇಜಾರೇನೂ ಇರಲಿಲ್ಲ. ಒಂದು ಸಂಜೆ ಅತ್ತಿಗೆ ಬೆಲ್ಲ ಒಯ್ಯುವುದನ್ನು ಮರೆತು ಹೋಗಿದ್ದರೆಂದು ನಾನು ಹಿಂದಿನಿಂದ ಹೋದೆ. ದೋಣಿಯವರು ದಿಮ್ಮಿಯ ಒಂದು ತುದಿಗೆ, ಅತ್ತಿಗೆ ಇನ್ನೊಂದು ತುದಿಗೆ ಕೂತಿದ್ದರು. ಮೈಯೆಲ್ಲ ಹಳದಿ ಮರದ ಪುಡಿ. ಸಂಜೆ ದೋಣಿ ಕಟ್ಟಿ ಮನೆಗೆ ಹೋದರೆ ಬೆಳಿಗ್ಗೆವರೆಗೆ ಅದು ಅಲ್ಲೇ ಇರುತ್ತದಾ ಎಂದು ಅತ್ತಿಗೆ ಕೇಳುತ್ತಿದ್ದರು.

"ಹಗ್ಗ ಉದ್ದ ಬಿಡ್ಬೇಕು," ಅಂದರು ಅವರು. "ನೀವು ದನ ಕಟ್ಟಿದ ಹಾಗೆ ಗಿಡ್ಡ ಕಟ್ಟಿದ್ರೆ ಆಗುದಿಲ್ಲ. ನೀರು ಏರಿದಾಗ ದೋಣಿಯ ಮೂತಿ ಮುಳುಗ್ತದೆ, ಇಳಿದಾಗ ನೇತಾಡ್ತದೆ. ದಿನಕ್ಕೆರಡು ಸಲ ನೀರು ಮೇಲೆ ಬರ್ತದೆ, ಕೆಳಗೆ ಹೋಗ್ತದೆ. ಅದ್ರ ಜೊತೆ ದೋಣಿಯೂ ಹೋಗಿ ಬಂದು ಮಾಡ್ಬೇಕಲ್ಲ."

ಹೊಳೆಯ ನೀರು ಮೇಲೆ ಬರುವುದೆಂದರೆ ನಮಗೆ ಗೊತ್ತಿದ್ದದ್ದು ಮಳೆಗಾಲದ ನೆರೆ ಒಂದೇ. ಬಿಸಿಲಿರುವಾಗ, ಮೋಡವೇ ಇಲ್ಲದಾಗ ಹೊಳೆ ಏರಿ ಇಳಿಯುತ್ತದೆ ಎನ್ನುವುದನ್ನು ಅತ್ತಿಗೆ ನಂಬಲಿಲ್ಲ. ಬಂದು ನೋಡಿ ಎಂದು ಅವರು ಹೇಳಿದರು. ಹಲಗೆಗಳು ಲಾರಿಗೆ ಏರಿ ಘಾಟಿ ಇಳಿದು ಹೋದ ದಿನ ಅತ್ತಿಗೆ ಕಣದ ಅಂಚಿನಲ್ಲಿ ನಿಂತು, ಲಾರಿಯ ಸದ್ದು ಅಡಗುವವರೆಗೆ ಒಣಗಿದ ಬಟ್ಟೆಗಳನ್ನು ಮಡಿಸುತ್ತಲೇ ಇದ್ದರು.

ಕೊಯ್ಲು ಮುಗಿದು ಯುಗಾದಿ ಹತ್ತಿರವಾದಾಗ ದೋಣಿ ನೀರಿಗೆ ಇಳಿಸುತ್ತೇವೆ, ಮನೆಯವರೆಲ್ಲ ಬರಬೇಕು ಎಂದು ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದರು. ಯಜಮಾನರಿಗೆ ಸ್ಪ್ರಿಂಕ್ಲರ್ ಕೆಲಸ, ಕಾಫಿ ಹೂವಿಗೆ ನೀರು ಕೊಡುವ ಕಾಲ. ಮರ ಕೊಟ್ಟವರ ಮನೆಯಿಂದ ಯಾರೂ ಹೋಗದಿದ್ದರೆ ಚಂದವಲ್ಲ ಎಂದು ಅತ್ತೆಯೇ ನಮ್ಮಿಬ್ಬರನ್ನು ಹೊರಡಿಸಿದರು. ಘಾಟಿಯ ತಿರುವುಗಳಲ್ಲಿ ನನಗೆ ವಾಂತಿ. ಅತ್ತಿಗೆ ನನ್ನ ಹಣೆ ಒತ್ತಿ ಹಿಡಿದುಕೊಂಡು, ಕಿಟಕಿಯಿಂದ ಕೆಳಗೆ ನೋಡುತ್ತಾ ಬಂದರು. ಕೆಳಗಿಳಿದರೆ ಸೆಕೆ, ಬೆವರು. ಬಸ್ಸು ಬದಲಿಸಿ, ಆಮೇಲೆ ನಡೆದು ಅಲ್ಲಿಗೆ ಮುಟ್ಟಿದಾಗ ಮಧ್ಯಾಹ್ನ.

ಅಷ್ಟು ಅಗಲದ ಹೊಳೆಯನ್ನು ನಾನು ನೋಡಿರಲಿಲ್ಲ. ದಂಡೆಯುದ್ದಕ್ಕೂ ತೆಂಗಿನ ಕಾಂಡದ ಗೂಟಗಳು, ಅವುಗಳಿಗೆ ಕಟ್ಟಿದ ದೋಣಿಗಳು, ಒಂದಕ್ಕೊಂದು ತಾಗದ ಹಾಗೆ ನಡುವೆ ಇಳಿಬಿಟ್ಟ ಹಳೆಯ ಟೈರುಗಳು. ದೊಡ್ಡ ದೋಣಿಗಳು ಸ್ವಲ್ಪ ದೂರದಲ್ಲಿ ಲಂಗರು ಹಾಕಿ ನಿಂತಿದ್ದವು. ಎಲ್ಲವೂ ಮೂತಿಯನ್ನು ಒಂದೇ ದಿಕ್ಕಿಗೆ ಮಾಡಿಕೊಂಡು ಮೆಲ್ಲನೆ ತೂಗುತ್ತಿದ್ದವು. ನಮ್ಮ ಮರದ ದೋಣಿ ದಂಡೆಯ ಮೇಲಿತ್ತು. ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದಿದ್ದರು. ಅದಕ್ಕೆ ಹೂವು ಮುಡಿಸಿ, ಕಾಯಿ ಒಡೆದು, ಊರಿನವರೆಲ್ಲ ಕೈ ಹಾಕಿ ನೂಕಿದರು. ಅತ್ತಿಗೆಯೂ ಹಿಂದಿನಿಂದ ಕೈ ಕೊಟ್ಟರು. ದೋಣಿ ನೀರಿಗೆ ಇಳಿದಾಗ ಸೀರೆಯ ನೆರಿಗೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು, ಅವರಿಗೆ ಅದರ ಕಡೆ ಗಮನವಿರಲಿಲ್ಲ. ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡು ನನ್ನ ಕಡೆ ತಿರುಗಿ, ಉಪ್ಪು ಎಂದರು, ಯಾರೋ ಒಳ್ಳೆಯ ಸುದ್ದಿ ಹೇಳಿದ ಹಾಗೆ.

ಊಟವಾದ ಮೇಲೆ ನಾನು ಅಲ್ಲಿನ ಹೆಂಗಸರ ಜೊತೆ ಚಾಪೆಯ ಮೇಲೆ ಅಡ್ಡಾದೆ. ಎದ್ದು ನೋಡಿದರೆ ದೋಣಿಗಳು ದಂಡೆಯಿಂದ ಕೆಳಗೆ, ಕೆಸರಿನಲ್ಲಿ ವಾಲಿಕೊಂಡು ಕೂತಿದ್ದವು. ನೀರು ಹಿಂದೆ ಸರಿದಿತ್ತು. ಅತ್ತಿಗೆ ಮತ್ತು ಅವರು ಒಂದು ಗೂಟದ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದರು.

ವಾಪಸು ಬರುವಾಗ ಘಾಟಿಯಲ್ಲಿ ತಂಪು ಗಾಳಿ ಬೀಸಿದ ಮೇಲೆ ಅತ್ತಿಗೆ ಮಾತಾಡಿದರು.

"ಅವ್ರು ಕೇಳಿದ್ರು ಮಾರಾಯ್ತಿ. ನಾನು ಹೂಂ ಅಂದೆ."

 ಅವರ ಕೈ ಹಿಡಿದುಕೊಂಡೆ. ಕೈ ತಣ್ಣಗಿತ್ತು. ಖುಷಿಯಾಯಿತು, ಅದರ ಬೆನ್ನಿಗೇ ಅಳುವೂ ಬಂತು. ಆ ಮನೆಯಲ್ಲಿ ನನಗೆ ಅಂತ ಇದ್ದವರು ಅವರು.

ಮನೆಯಲ್ಲಿ ಹೇಳಿದ ದಿನ ಯಜಮಾನರು ಊಟದ ತಟ್ಟೆಯ ಮುಂದಿನಿಂದ ಎದ್ದು ಹೋದರು. ಜಾತಿ ಬೇರೆ, ಊರು ಬೇರೆ, ಭಾಷೆ ಬೇರೆ. ಈ ವಯಸ್ಸಿನಲ್ಲಿ ಎಂದರೆ ಜನ ಏನೆಂದಾರು? ಗೋಣಿಬೀಡಿನ ನನ್ನ ತವರಿನವರೂ ಬಂದು ಅದನ್ನೇ ಹೇಳಿದರು. ಅತ್ತಿಗೆ ಯಾರಿಗೂ ಎದುರು ಹೇಳಲಿಲ್ಲ. ಒಮ್ಮೆ ಮಾತ್ರ, ಯಜಮಾನರು ಮೀನು ಹಿಡಿಯುವವರ ಮನೆಗೆ ಹೇಗೆ ಹೆಣ್ಣು ಕೊಡುವುದು ಎಂದಾಗ, ಒಲೆಯ ಮುಂದೆ ಕೂತಲ್ಲಿಂದಲೇ ಹೇಳಿದರು:

"ವಾರಕ್ಕೆರಡು ಸಲ ಅವ್ರೂರಿನ ಮೀನು ಈ ಒಲೆ ಮೇಲೆ ಬೇಯ್ತದೆ ಕಣಾ. ನೀನೇ ವ್ಯಾನು ನಿಲ್ಲಿಸಿ ತಗೊಂಡು ಬರ್ತಿ. ಅದು ಬೇಕು, ಅವ್ರು ಬ್ಯಾಡ ಅಂದ್ರೆ ಹೆಂಗೆ?"

 ಯಜಮಾನರಿಗೆ ನಿಜವಾಗಿ ನೋವಾಗುತ್ತಿದ್ದುದು ಜಾತಿಯ ಮಾತಿನಿಂದಲ್ಲ ಎಂದು ನನಗೆ ಗೊತ್ತಾದದ್ದು ಕೆಲವು ದಿನಗಳ ಮೇಲೆ. ತೋಟದಿಂದ ಬಂದು ಕೈಕಾಲು ತೊಳೆಯುತ್ತಾ, ನನ್ನ ಮುಖ ನೋಡದೆ, ಅಕ್ಕ ಇಲ್ಲದ ಮನೆಗೆ ಬರುವುದು ಹೇಗೆ ಎಂದು ಕೇಳಿದರು. ಅಪ್ಪ ಹೋದ ಮೇಲೆ ಹಾಸ್ಟೆಲ್ಲಿನಿಂದ ಬಂದಾಗಲೆಲ್ಲ ಬಸ್ಸು ನಿಲ್ಲುವ ಜಾಗದಲ್ಲಿ ಅಕ್ಕ ಬಂದು ನಿಂತಿರುತ್ತಿದ್ದಳು ಎಂದರು. ನಾನಿದ್ದೇನಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅದು ಬೇರೆ, ಇದು ಬೇರೆ.

ಅತ್ತೆ ಒಂದು ತಿಂಗಳು ಬಾಯಿ ಬಿಡಲಿಲ್ಲ. ಆಮೇಲೊಂದು ಬೆಳಿಗ್ಗೆ ತಮ್ಮ ಪೆಟ್ಟಿಗೆ ತೆಗೆದು, ಚಿನ್ನದ ಅವಲಕ್ಕಿ ಸರವನ್ನು ಅಂಟುವಾಳದ ನೀರಿನಲ್ಲಿ ತೊಳೆಯಲು ಕೂತರು. ನಾನು ಹತ್ತಿರ ಹೋದಾಗ, ಇಷ್ಟು ವರ್ಷ ಇವಳನ್ನು ನಾವು ಇಟ್ಟುಕೊಂಡದ್ದು ನಮ್ಮ ಅನುಕೂಲಕ್ಕೆ, ಅವಳದ್ದೂ ಒಂದು ಆಗಲಿ ಎಂದರು. ಮದುವೆ ವೈಶಾಖದಲ್ಲಿ, ಆ ಊರಿನ ಒಂದು ಸಣ್ಣ ದೇವಸ್ಥಾನದಲ್ಲಿ ಆಯಿತು. ನಮ್ಮ ಕಡೆಯಿಂದ ಹೋದವರು ಅತ್ತೆ ಮತ್ತು ನಾನು. ಯಜಮಾನರು ನಮ್ಮನ್ನು ಬಣಕಲ್ಲಿನವರೆಗೆ ಜೀಪಿನಲ್ಲಿ ಬಿಟ್ಟು, ಬಸ್ಸು ಬರುವವರೆಗೆ ರಸ್ತೆಯಾಚೆ ನಿಂತಿದ್ದರು. ಅಕ್ಕ ಬಸ್ಸು ಹತ್ತುವಾಗ ಅವರ ಚೀಲವನ್ನು ಮೇಲೆ ಎತ್ತಿ ಕೊಟ್ಟರು. 

ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಮೊದಲ ಮಳೆಗಾಲದಲ್ಲಿ ನಾನು ಮಾಡಿದ ಕಳಲೆ ಪಲ್ಯ ಅತ್ತಿಗೆಯದರ ಹಾಗೆ ಆಗಲೇ ಇಲ್ಲ. ಯಾರೂ ಆಡಿಕೊಳ್ಳಲಿಲ್ಲ, ಸುಮ್ಮನೆ ಉಂಡರು. ಬಸ್ಸಿನವರ ಕೈಯಲ್ಲಿ ನಾನು ಕಾಫಿಪುಡಿ, ಕಾಳುಮೆಣಸು ಕಳಿಸುತ್ತಿದ್ದೆ. ಅತ್ತಿಗೆ ಒಣ ಸಿಗಡಿ, ಬೆಲ್ಲದ ತಿಂಡಿ ಕಳಿಸುತ್ತಿದ್ದರು. ಸಿಗಡಿ ಚಟ್ನಿ ಮಾಡಿದ ದಿನ ಯಜಮಾನರು ಎಲ್ಲಿಂದ ಬಂತು ಎಂದು ಕೇಳುತ್ತಿರಲಿಲ್ಲ, ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ನಾನು ಆಗಾಗ ಹೋಗಿ ಬರುತ್ತಿದ್ದೆ. ಅತ್ತಿಗೆ ಬಿದಿರಿನ ಜಲ್ಲೆ ಹಾಕಿ ದೋಣಿ ತಳ್ಳಲು ಕಲಿತಿದ್ದರು, ಅವರ ಭಾಷೆಯನ್ನೂ ಅರ್ಧಂಬರ್ಧ ಕಲಿತಿದ್ದರು. ತಪ್ಪು ಮಾತಾಡಿ ತಾವೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನು ಹೊರಡುವಾಗ ಪ್ರತಿ ಸಲವೂ ತಮ್ಮನ ವಿಷಯ ಕೇಳುವುದು ಒಂದೇ, ಅವನ ಬೆನ್ನು ನೋವು ಹೇಗಿದೆ ಎಂದು.

ಹೀಗೇ ಎರಡು ಮೂರು ವರ್ಷ ಹೋಯಿತು. ಆ ಸಲದ ಪುಷ್ಯದ ಚಳಿಗೆ ಅತ್ತೆಯ ಮಂಡಿ ಹಿಡಿದುಕೊಂಡು ಎದ್ದು ನಡೆಯಲಾರದ ಹಾಗಾಯಿತು. ಮೂಡಿಗೆರೆಯ ಡಾಕ್ಟರು ಚಳಿ ಕಳೆಯುವವರೆಗೆ ಸೆಕೆಯ ಕಡೆ ಹೋಗಿ ಇರಲಿ ಎಂದರು. ಸೆಕೆಯ ಕಡೆ ನಮಗೆ ಇದ್ದದ್ದು ಒಂದೇ ಮನೆ. ಬಸ್ಸಿನಲ್ಲಿ ಕೂರಿಸುವ ಹಾಗಿರಲಿಲ್ಲ. ಯಜಮಾನರು ಜೀಪಿನ ಹಿಂದೆ ಹಾಸಿಗೆ ಹಾಕಿ ತಾಯಿಯನ್ನು ಕೂರಿಸಿದರು, ನಾನು ಜೊತೆಗೆ ಕೂತೆ. ಹೊಳೆ ದಂಡೆಯಲ್ಲಿ ಇಳಿಸಿ ತಕ್ಷಣ ತಿರುಗುತ್ತೇನೆ, ಕೊಯ್ಲಿನ ಜನ ಕಾಯುತ್ತಾರೆ ಎಂದು ಮೊದಲೇ ಹೇಳಿದ್ದರು.

ನಾವು ಮುಟ್ಟಿದಾಗ ನೀರು ಪೂರಾ ಇಳಿದಿತ್ತು. ದೋಣಿಗಳೆಲ್ಲ ಕೆಸರಿನಲ್ಲಿ. ಅತ್ತಿಗೆಯ ಮನೆ ಆಚೆ, ಮರಳಿನ ಪಟ್ಟಿಯ ಮೇಲೆ. ಅತ್ತೆಯನ್ನು ಎತ್ತಿಕೊಂಡು ಆ ಕೆಸರಿನಲ್ಲಿ ಇಳಿಯುವುದು ಸಾಧ್ಯವಿರಲಿಲ್ಲ. ಅತ್ತಿಗೆಯ ಗಂಡ ಜೀಪಿನ ಹತ್ತಿರ ಬಂದು, ಅಮ್ಮ ಬಂದದ್ದು ಒಳ್ಳೇದಾಯ್ತು ಎಂದು ಅತ್ತೆಯ ಕಾಲು ಮುಟ್ಟಿದರು. ಯಜಮಾನರಿಗೆ ಕೈ ಮುಗಿದರು. ನೀರು ಏರಬೇಕು, ಸಂಜೆಯಾಗುತ್ತದೆ, ನೆರಳಿಗೆ ಬನ್ನಿ ಎಂದು ಹೇಳಿ, ತೆಂಗಿನ ಗರಿಯ ಚಪ್ಪರದಡಿ ಅತ್ತೆಗೆ ಈಸಿಚೇರು ಹಾಕಿಕೊಟ್ಟರು. ಆಮೇಲೆ ಒತ್ತಾಯ, ಉಪಚಾರ ಒಂದೂ ಮಾಡದೆ ತಮ್ಮ ಕೆಲಸಕ್ಕೆ ಕೂತರು. ಯಾವುದೋ ದೋಣಿಯ ಹುರಿ ಸಡಿಲವಾಗಿತ್ತು, ಅದನ್ನು ಬಿಗಿಯುತ್ತಿದ್ದರು.

ತಾಯಿಯನ್ನು ದಂಡೆಯಲ್ಲಿ ಬಿಟ್ಟು ಹೊರಡಲು ಯಜಮಾನರಿಗೆ ಮನಸ್ಸು ಬರಲಿಲ್ಲ. ಜೀಪಿನ ಬಾನೆಟ್ಟಿಗೆ ಒರಗಿ ನಿಂತರು. ಬಿಸಿಲು ಹೆಚ್ಚಾದಾಗ ಚಪ್ಪರದ ಅಂಚಿಗೆ ಬಂದರು. ಕೊಟ್ಟ ಚಹಾ ಕುಡಿದರು. ನಂತರ ದಂಡೆಯುದ್ದಕ್ಕೂ ನಡೆಯುತ್ತಾ ಹೋಗಿ, ಒಂದು ದೋಣಿಯ ಹತ್ತಿರ ನಿಂತರು. ಕೆಸರಿಗೆ ಇಳಿದು ಅದರ ಹಲಗೆಯ ಮೇಲೆ ಕೈ ಆಡಿಸಿದರು. ಎಣ್ಣೆ ಕುಡಿದು ಮರ ಕಪ್ಪಾಗಿತ್ತು, ಆದರೂ ಗುರುತು ಹಿಡಿದಿದ್ದರು. ಆ ಮರದಲ್ಲಿ ಒಂದು ಗಂಟು ಇತ್ತು, ಅವರು ಚಿಕ್ಕವರಿದ್ದಾಗ ಅದರ ಮೇಲೆ ಕಾಲಿಟ್ಟು ಹತ್ತುತ್ತಿದ್ದರಂತೆ. ಅದು ಯಾವ ಹಲಗೆಯಲ್ಲಿ ಬಂದಿದೆ ಎಂದು ಹುಡುಕುತ್ತಿದ್ದಾರೆಂದು ಅತ್ತೆ ನನಗೆ ಮೆಲ್ಲನೆ ಹೇಳಿದರು. ಸಿಕ್ಕಿತೋ ಇಲ್ಲವೋ, ಬಹಳ ಹೊತ್ತು ಅಲ್ಲೇ ಇದ್ದರು.

ವಾಪಸು ಬಂದವರು ಕೆಲಸ ಮಾಡುತ್ತಿದ್ದವರ ಎದುರು ಕುಕ್ಕರುಗಾಲಿನಲ್ಲಿ ಕೂತರು. ಹುರಿಯ ಇನ್ನೊಂದು ತುದಿ ಸುಮ್ಮನೆ ಬಿದ್ದಿತ್ತು. ಅದನ್ನು ಎತ್ತಿ ಹಿಡಿದುಕೊಂಡರು.

"ಭಾವ, ನೀರು ಎಷ್ಟೊತ್ತಿಗೆ ಏರ್ತದೆ?"

ಅವರ ಬಾಯಲ್ಲಿ ಆ ಕರೆ ನಾನು ಕೇಳಿದ್ದು ಅದೇ ಮೊದಲು. ಅತ್ತಿಗೆಯ ಗಂಡ ಕೈ ನಿಲ್ಲಿಸಲಿಲ್ಲ. ಹೊಳೆಯ ಕಡೆ ನೋಡಿ, "ಶುರುವಾಗಿದೆ. ಆ ಗೂಟದ ಬುಡ ನೋಡಿ, ಒದ್ದೆಯಾಗ್ತಾ ಉಂಟು," ಎಂದರು.

ನಾವೆಲ್ಲ ಆ ಗೂಟವನ್ನೇ ನೋಡುತ್ತಾ ಕೂತೆವು. ನೀರು ಬರುವುದು ಕಣ್ಣಿಗೆ ಕಾಣುವುದಿಲ್ಲ. ಬೇರೆ ಕಡೆ ನೋಡಿ ಮತ್ತೆ ತಿರುಗಿದರೆ ಸ್ವಲ್ಪ ಮೇಲೆ ಬಂದಿರುತ್ತದೆ. ಕೆಸರಿನ ಗೀರುಗಳು ಒಂದೊಂದಾಗಿ ತುಂಬಿದವು. ವಾಲಿಕೊಂಡಿದ್ದ ದೋಣಿಗಳು ನೆಟ್ಟಗಾದವು, ಆಮೇಲೆ ಅಲುಗಾಡಿದವು. ಹೆಬ್ಬಲಸಿನ ದೋಣಿಯನ್ನು ದಂಡೆಗೆ ಎಳೆದು ತಂದಾಗ ಯಜಮಾನರು ತಾಯಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಹತ್ತಿದರು. ಹತ್ತಿದವರು ಇಳಿಯಲಿಲ್ಲ, ತಾಯಿಯ ತಲೆಯನ್ನು ತೊಡೆಗೆ ಒರಗಿಸಿಕೊಂಡು ಅಲ್ಲೇ ಕೂತರು. ಕೊಯ್ಲಿನ ಜನದ ಮಾತು ಯಾರೂ ಎತ್ತಲಿಲ್ಲ.

ಆಚೆ ದಡದಲ್ಲಿ ಅತ್ತಿಗೆ ನಿಂತಿದ್ದರು. ಜೀಪು ಬಂದಾಗಿನಿಂದ ಅಲ್ಲೇ ನಿಂತು ಈ ಕಡೆ ನೋಡುತ್ತಿದ್ದರಂತೆ. ದೋಣಿ ಹತ್ತಿರವಾದಾಗ ತಮ್ಮನ ಮುಖ ನೋಡಿದರು. ನೀರಿಗೆ ಇಳಿದು ಬಂದು ದೋಣಿಯ ಅಂಚು ಹಿಡಿದುಕೊಂಡರು.

"ಊಟ ಮಾಡಿದ್ಯೇನೋ?"

"ಇಲ್ಲ ಅಕ್ಕ."

"ಬಾ."

ಅಷ್ಟೇ. ಆ ಸಂಜೆ ಅವರು ಅಕ್ಕ ಬಡಿಸಿದ ಕುಚ್ಚಲಕ್ಕಿ ಅನ್ನವನ್ನು ತಲೆ ಎತ್ತದೆ ಉಂಡರು. ಅಕ್ಕ ಪಕ್ಕದಲ್ಲೇ ಕೂತು, ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದರು. ನಲವತ್ತು ದಾಟಿದ ಅಕ್ಕ, ಮೂವತ್ತು ದಾಟಿದ ತಮ್ಮ. ನಾನು ನೀರು ತರುವ ನೆಪದಲ್ಲಿ ಎದ್ದು ಹೊರಗೆ ಹೋದೆ. ಯಜಮಾನರು ಮಾರನೆಯ ದಿನವೂ ಉಳಿದರು.

ಅಂದಿನಿಂದ ಪ್ರತಿ ಚಳಿಗಾಲ ಅತ್ತೆ ಅಲ್ಲೇ. ಮಂಡಿ ಸಡಿಲವಾಗುತ್ತದೆ ಎನ್ನುವುದು ಒಂದು ಕಾರಣ, ಮಗಳ ಮನೆಯಲ್ಲಿ ಮಾತಿಗೆ ಜನ ಹೆಚ್ಚು ಎನ್ನುವುದು ಇನ್ನೊಂದು. ಆ ಭಾಷೆ ಅವರಿಗೆ ಒಂದಕ್ಷರ ಬರುತ್ತಿರಲಿಲ್ಲ, ಆದರೂ ಅಕ್ಕಪಕ್ಕದ ಮನೆಗಳ ಸುದ್ದಿಯೆಲ್ಲ ಗೊತ್ತಿರುತ್ತಿತ್ತು. ಯಜಮಾನರು ಕೊಯ್ಲು ಮುಗಿದ ಮೇಲೆ ಕರೆತರಲು ಹೋದವರು ಒಂದು ವಾರ ಅಲ್ಲೇ ಇದ್ದು, ಭಾವನ ಜೊತೆ ಗೂಟ ನೆಡುವುದು, ಬಣ್ಣ ಬಳಿಯುವುದು ಮಾಡಿಕೊಂಡು, ಕಪ್ಪಾಗಿ ಬರುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಲ್ಲಿ ಆ ದಂಡೆ ಬದಲಾಯಿತು. ಸ್ವಲ್ಪ ಮೇಲೆ ಸೇತುವೆ ಬಂತು, ದಾಟಿಸುವ ಕೆಲಸ ಕಡಿಮೆಯಾಯಿತು. ಭಾವ ಒಂದಷ್ಟು ದಿನ ಮಂಕಾಗಿದ್ದರು. ಶನಿವಾರ ಭಾನುವಾರ ಕಾರು ಮಾಡಿಕೊಂಡು ಬರುವವರು ದೋಣಿಯಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುತ್ತೀರಾ ಎಂದು ಕೇಳತೊಡಗಿದ್ದರು. ಹಾಗೇ ಮಾಡೋಣ ಎಂದವರು ಅತ್ತಿಗೆ. ಇಂಜಿನ್ ಕೂರಿಸಿದ, ಸುತ್ತ ಕಂಬಿ ಇರುವ ಒಂದು ದೊಡ್ಡ ದೋಣಿ ತಂದರು. ಹಳೆಯ ಗೂಟಗಳ ಜಾಗದಲ್ಲಿ ನೀರಿನ ಜೊತೆ ಏರಿ ಇಳಿಯುವ ತೇಲುವ ಅಟ್ಟಣಿಗೆ ಮಾಡಿಸಿದರು, ಹತ್ತಿ ಇಳಿಯಲು ಮುದುಕರಿಗೂ ಸಲೀಸು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳು ಬಂದವು. ಬಂದವರಿಗೆಲ್ಲ ಅತ್ತಿಗೆ ತಾವೇ ಬಕಲ್ ಹಾಕುತ್ತಿದ್ದರು. ಬೇಡ ಎಂದವರನ್ನು ಮನೆಯ ಮಕ್ಕಳನ್ನು ಗದರುವ ಹಾಗೆ ಗದರುತ್ತಿದ್ದರು.

ಮೊದಲ ಸುತ್ತು ಮನೆಯವರದೇ ಆಗಲಿ ಎಂದು ಭಾವ ನಮ್ಮನ್ನೆಲ್ಲ ಕರೆಸಿದ್ದರು. ಪೂಜೆ ಮಾಡಿದ ದೋಣಿ ಎಂದು ಅತ್ತೆ ಚಪ್ಪಲಿ ಅಟ್ಟಣಿಗೆಯ ಮೇಲೆ ಬಿಟ್ಟು ಹತ್ತಿದರು. ಇಳಕಲ್ ಸೀರೆಯ ಮೇಲೆ ಕಿತ್ತಳೆ ಜಾಕೆಟ್ಟು ಹಾಕಿಸಿಕೊಂಡು ಎಲ್ಲರಿಗಿಂತ ಮುಂದೆ ಕೂತರು. ನಾನು ಅವರ ಪಕ್ಕ. ಯಜಮಾನರು ದಂಡೆಯಲ್ಲೇ ಉಳಿದರು, ಹಗ್ಗ ಬಿಚ್ಚಿ ಕೊಡಲು ಒಬ್ಬರು ಬೇಕಿತ್ತು. ದೋಣಿ ಅಳಿವೆಯವರೆಗೆ ಹೋಯಿತು. ಅಲ್ಲಿ ಸಮುದ್ರದ ಅಲೆ ಒಳಗೆ ಬರುವುದು, ಹೊಳೆಯ ನೀರು ಹೊರಗೆ ಹೋಗುವುದು ಒಂದಕ್ಕೊಂದು ಬಡಿದು ನೊರೆಯೇಳುತ್ತಿತ್ತು. ಭಾವ ಇಂಜಿನ್ ತಗ್ಗಿಸಿ ಸ್ವಲ್ಪ ಹೊತ್ತು ನಿಲ್ಲಿಸಿದರು. ಅತ್ತೆಯ ಮುಖಕ್ಕೆ ನೀರು ಹಾರಿತು. ಅವರು ಒರೆಸಿಕೊಳ್ಳಲಿಲ್ಲ. ಇದರಾಚೆ ಏನಿದೆ ಎಂದು ಕೇಳಿದರು. ನೀರೇ ಅಮ್ಮ, ಬರೀ ನೀರು ಎಂದರು ಭಾವ.

ತಿರುಗಿ ಬಂದು ಅಟ್ಟಣಿಗೆಗೆ ಕಟ್ಟಿದಾಗ ನಾನು ಇಳಿದೆ. ಅತ್ತೆಯನ್ನು ಇಳಿಸಿಕೊಳ್ಳಲು ಅತ್ತಿಗೆ ಕೈ ಚಾಚಿದರು. ಅತ್ತೆ ಕೈ ಕೊಡಲಿಲ್ಲ. ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡು ಮುಂದೆ ನೋಡುತ್ತಾ ಕೂತೇ ಇದ್ದರು.

"ನಾನು ಇಳಿಯಲ್ಲ," ಅಂದರು. "ಇನ್ನೊಂದು ಸಲ ಹೋಗಿ ಬರಾನ."

ಭಾವ ನಕ್ಕು ಮತ್ತೆ ಇಂಜಿನ್ ಹಚ್ಚಿದರು. ಈ ಸಲ ಅತ್ತಿಗೆ ಹಾರಿ ಹತ್ತಿ ತಾಯಿಯ ಪಕ್ಕ ಕೂತರು. ಯಜಮಾನರು ಹಗ್ಗ ಬಿಚ್ಚಿ ಒಳಗೆ ಎಸೆದರು. ದೋಣಿ ಹೊಳೆಯ ನಡುವಿಗೆ ಹೋಗುವವರೆಗೆ, ತಾಯಿಯ ಚಪ್ಪಲಿ ನೀರಿಗೆ ಜಾರದ ಹಾಗೆ ಎತ್ತಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.